ಜೋನ್ ಎರಡು ಯಾರಿಗೆ?

ಹೋಮ್ ಥಿಯೇಟರ್ ರಿಸೀವರನ್ನು ಅಂಗಡಿಯಲ್ಲಿ ಎಲ್ಲರೂ ಮುಂದಿನಿಂದ ನೋಡುತ್ತಾರೆ. ದಪ್ಪನೆಯ ಗುಂಡಿ, ಸಣ್ಣ ದೀಪ, ಗಾಜಿನ ಹಿಂದೆ ಓಡುವ ಅಕ್ಷರ. ನನಗೆ ಮಾತ್ರ ಅದರ ಬೆನ್ನು ನೋಡುವುದು ಇಷ್ಟ. ಅಲ್ಲಿ ಕೆಂಪು ಕಪ್ಪು ತಿರುಪುಗಳ ಸಾಲಿರುತ್ತದೆ. ಒಂದೊಂದು ಜೋಡಿಯ ಮೇಲೂ ಅದರ ಕೆಲಸ ಬರೆದಿರುತ್ತದೆ: ಫ್ರಂಟ್, ಸೆಂಟರ್, ಸರೌಂಡ್. ಸಾಲಿನ ಕೊನೆಯ ಎರಡು ಜೋಡಿಗೆ ಬಂದಾಗ ಎರಡೆರಡು ಹೆಸರು, ನಡುವೆ ಒಂದು ಓರೆಗೆರೆ. ಗೆರೆಯ ಈಚೆಗೆ ಸರೌಂಡ್ ಬ್ಯಾಕ್, ಆಚೆಗೆ ಜೋನ್ 2. ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ ವಿಷಯ ಆ ಓರೆಗೆರೆಯಲ್ಲಿದೆ.

ವಿಷಯ ಇಷ್ಟು. 7.1 ಎಂದು ಮಾರುವ ಪೆಟ್ಟಿಗೆಯೊಳಗೆ ಏಳು ಆಂಪ್ಲಿಫೈಯರ್‌ಗಳಿರುತ್ತವೆ. ಐದು ಹಾಲಿನ ಐದು ಸ್ಪೀಕರ್‌ಗೆ. ಉಳಿದ ಎರಡನ್ನು ಹಾಲಿನಲ್ಲೇ, ಕೂತವರ ಬೆನ್ನ ಹಿಂದಿನ ಎರಡು ಸ್ಪೀಕರ್‌ಗೆ ಕೊಡಬಹುದು. ಇಲ್ಲವೇ ಆ ಎರಡನ್ನೂ ಬಿಡಿಸಿ ಇನ್ನೊಂದು ಕೋಣೆಗೆ ಕಳಿಸಬಹುದು. ಕಳಿಸಿದರೆ ಆ ಕೋಣೆ ಬೇರೆಯೇ ಜೋನ್ ಆಗುತ್ತದೆ. ಹಾಲಿನಲ್ಲಿ ಸಿನಿಮಾ ನಡೆಯುತ್ತಿರುವಾಗಲೇ ಅಲ್ಲಿ ರೇಡಿಯೊ ಕೇಳಬಹುದು. ಅದರ ವಾಲ್ಯೂಮ್ ಬೇರೆ, ಅದನ್ನು ಹಚ್ಚುವ ಆರಿಸುವ ಸ್ವಿಚ್ ಬೇರೆ. ಹಾಲು ಮಾತ್ರ 7.1ರಿಂದ 5.1ಕ್ಕೆ ಇಳಿಯುತ್ತದೆ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಹಾಲು 12 ಅಡಿಗೆ 16 ಅಡಿ. ಈ ಊರಿನ ಬಹುತೇಕ ಮನೆಗಳಲ್ಲಿರುವಂತೆ ಸೋಫಾ ಗೋಡೆಗೇ ಒರಗಿದೆ. ಬೆನ್ನ ಹಿಂದಿನ ಸ್ಪೀಕರ್ ಕೆಲಸ ಮಾಡಬೇಕಾದರೆ ಬೆನ್ನಿನ ಹಿಂದೆ ಜಾಗ ಬೇಕು, ಧ್ವನಿ ಹರಡಿಕೊಂಡು ಬರಲು ಕೆಲವು ಅಡಿಯಾದರೂ ಬೇಕು. ಗೋಡೆಗಂಟಿದ ಸೋಫಾದ ತಲೆಯ ಮೇಲೆ ಆ ಎರಡು ಸ್ಪೀಕರ್ ನೇತುಹಾಕಿದರೆ ಅವು ಕಿವಿಯ ಪಕ್ಕದಲ್ಲಿ ಗುಸುಗುಟ್ಟುತ್ತವೆಯೇ ಹೊರತು ಸಿನಿಮಾಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ. ಅವು ಅಡುಗೆಮನೆಗೆ ಹೋಗಲಿ ಎಂದು ನಾನು ಹೇಳಿದೆ. ನನ್ನ ಗಂಡನಿಗೆ ಪೆಟ್ಟಿಗೆಯ ಮೇಲಿದ್ದ ಏಳರ ಅಂಕಿ ಬಿಡಲು ಸ್ವಲ್ಪ ಬೇಸರವಿತ್ತು. ಆದರೆ ಸಂಜೆ ಹೊತ್ತು ನಮ್ಮ ಮನೆಯಲ್ಲಿ ಏನು ನಡೆಯುತ್ತದೆಂಬುದು ಅವರಿಗೂ ಗೊತ್ತಿತ್ತು.

ನಮ್ಮತ್ತೆ ಧಾರಾವಾಹಿ ನೋಡುವುದು ಕಡಿಮೆ, ಕೇಳುವುದು ಹೆಚ್ಚು. ಅದು ಬರುವ ಹೊತ್ತಿಗೆ ಸರಿಯಾಗಿ ಅವರ ಕೈ ಹಿಟ್ಟಿನಲ್ಲೋ ಒಗ್ಗರಣೆಯಲ್ಲೋ ಇರುತ್ತದೆ. ಅಡುಗೆಮನೆಯಿಂದಲೇ “ಏನಂದಳಮ್ಮಾ ಅವಳು?” ಎಂದು ಕೂಗುತ್ತಾರೆ. ಹಾಲಿನಲ್ಲಿದ್ದವರು ಮಾತನ್ನು ಮತ್ತೆ ಹೇಳಬೇಕು. ಹೇಳುವಷ್ಟರಲ್ಲಿ ಮುಂದಿನ ಮಾತು ತಪ್ಪುತ್ತದೆ. ಅದಕ್ಕೆಂದು ಟಿವಿಯ ಧ್ವನಿ ಏರಿಸುತ್ತೇವೆ. ಹಾಲಿನ ಧ್ವನಿ ಎರಡು ಗೋಡೆ ದಾಟಿ ಚಿಮಣಿಯ ಗುಂಯ್‌ಗುಡುವಿಕೆಯನ್ನೂ ಮೀರಿ ಅವರ ಕಿವಿ ಮುಟ್ಟಬೇಕಾದರೆ ಹಾಲಿನಲ್ಲಿ ಯಾರೂ ಕೂರಲಾರದಷ್ಟು ಜೋರಾಗಬೇಕು. ಮಗಳು ಪುಸ್ತಕ ಹಿಡಿದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಮಾವ ಮಹಡಿಗೆ ಹೋಗುತ್ತಾರೆ. ಒಬ್ಬರಿಗೆ ಕೇಳಿಸಲೆಂದು ಇಟ್ಟ ಧ್ವನಿ ಉಳಿದವರನ್ನೆಲ್ಲ ಓಡಿಸುತ್ತದೆ.

ಹಲವು ಕೋಣೆಗೆ ಸ್ಪೀಕರ್ ಎಂದ ಕೂಡಲೇ ಕೇಳಿದವರು ಗದ್ದಲವನ್ನು ನೆನೆಯುತ್ತಾರೆ. ನನ್ನ ಅನುಭವ ಅದಕ್ಕೆ ತದ್ವಿರುದ್ಧ. ಧ್ವನಿ ಒಂದೇ ಕೋಣೆಯಲ್ಲಿದ್ದರೆ ಅದು ಜೋರಾಗದೆ ಬೇರೆ ದಾರಿಯಿಲ್ಲ. ಕೇಳುವವರ ಹತ್ತಿರಕ್ಕೇ ಧ್ವನಿ ಹೋದರೆ ಎಲ್ಲ ಕಡೆಯೂ ಮೆಲ್ಲಗಿಡಬಹುದು. ಮಾಮೂಲಿ ಸ್ಪೀಕರ್ ಒಂದು ವಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 88 ಡೆಸಿಬೆಲ್ ಕೊಡುತ್ತದೆ. ಎರಡು ಮೀಟರ್ ದೂರಕ್ಕೆ 82 ಎನ್ನೋಣ. ಎದುರುಬದುರು ಕೂತು ಮಾತಾಡುವ ಧ್ವನಿ 60ರಿಂದ 65. ಆ ಮಟ್ಟಕ್ಕೆ ಒಂದು ವಾಟಿನ ಐವತ್ತನೇ ಒಂದು ಪಾಲು ಸಾಕು. ಡಬ್ಬದ ಮೇಲೆ ಚಾನೆಲ್ಲಿಗೆ 80, 100 ವಾಟ್ ಎಂದು ಬರೆದಿದ್ದರೂ ಅಡುಗೆಮನೆ ಮುಟ್ಟುವುದು ಅದರ ಅಂಚನ್ನು ಮಾತ್ರ. ಹತ್ತು ಪಟ್ಟು ವಾಟ್ ಸುರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ, ಅಷ್ಟೆ. ದೂರ ಕಡಿಮೆ ಮಾಡುವುದು ವಾಟ್ ಹೆಚ್ಚಿಸುವುದಕ್ಕಿಂತ ಯಾವಾಗಲೂ ಮೇಲು.

ಇದೇ ಊರಿನಲ್ಲಿ, ಒಂಟಿಕೊಪ್ಪಲಿನ ತಮ್ಮ ಮನೆಯಿಂದ, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ರೇಡಿಯೊ ಪ್ರಸಾರ ಶುರುಮಾಡಿದರು. ಅವರ ಬಳಿ ಇದ್ದದ್ದು 30 ವಾಟಿನ ಟ್ರಾನ್ಸ್‌ಮಿಟರ್. ಆಕಾಶವಾಣಿ ಎಂಬ ಹೆಸರು ಮುಂದೆ ದೇಶದ ರೇಡಿಯೊಗೆಲ್ಲ ಬಂದದ್ದು ಆ ಮನೆಯ ನಿಲಯದಿಂದ. ರೇಡಿಯೊ ಅಲೆಯ ವಾಟೂ ಸ್ಪೀಕರಿನ ವಾಟೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ, ನಿಜ. ಆದರೂ ಅಷ್ಟು ಸಣ್ಣ ಶಕ್ತಿಯಲ್ಲಿ ಒಬ್ಬರ ಮನೆಯ ಮಾತು ಇನ್ನೆಷ್ಟೋ ಮನೆಗಳೊಳಗೆ ಮೆಲ್ಲಗೆ ಕೇಳಿಸಿತಲ್ಲ, ಅದನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಅತ್ತೆಗೂ ರೇಡಿಯೊ ಎಂದರೆ ಪ್ರಾಣ. ಮದುವೆಯಾಗಿ ಬಂದಾಗಿನಿಂದ ಅಡುಗೆಮನೆಯ ಗೂಡಿನಲ್ಲಿ ಅವರದೊಂದು ಟ್ರಾನ್ಸಿಸ್ಟರ್ ಇತ್ತಂತೆ. ಬೆಳಗಿನ ಪ್ರದೇಶ ಸಮಾಚಾರ ಮುಗಿಯುವಷ್ಟರಲ್ಲಿ ಚಟ್ನಿ ಆಗಿರಬೇಕು ಎಂಬ ಲೆಕ್ಕ ಅವರಿಗೆ ಇವತ್ತಿಗೂ ಇದೆ.

ವೈರಿನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದು ಒಂದು ಸಲ ಗೋಡೆಯೊಳಗೆ ಹೋದರೆ ಮತ್ತೆ ಕೈಗೆ ಸಿಗದು. ಎಲೆಕ್ಟ್ರಿಷಿಯನ್ ಬಂದು ಗೋಡೆ ತಟ್ಟಿ ನೋಡಿ, “ಕಟಿಂಗ್ ಯಾಕೆ ಮೇಡಂ, ಲೈಟಿನ ಪೈಪಲ್ಲೇ ಜಾಗ ಇದೆ, ಅದರಲ್ಲೇ ಎಳೆದುಬಿಡ್ತೀನಿ” ಎಂದರು. ಬೇಡ ಎಂದೆ. 230 ವೋಲ್ಟ್ ಓಡುವ ಪೈಪಿನಲ್ಲಿ ಸ್ಪೀಕರ್ ವೈರು ಇರಕೂಡದು. ಎಲ್ಲೋ ಒಂದು ಕಡೆ ಹೊದಿಕೆ ಸುಲಿದರೆ ಆ ಕರೆಂಟು ರಿಸೀವರಿಗೂ ಬರುತ್ತದೆ, ಸ್ಪೀಕರ್ ಮುಟ್ಟಿದವರಿಗೂ ಬರುತ್ತದೆ. ಅಪಾಯವಾಗದಿದ್ದರೂ ಜೊತೆಜೊತೆಗೆ ಓಡುವ ವೈರಿನಿಂದ ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು. ಬೇರೆ ಪೈಪೇ ಹಾಕಿಸಿದೆವು, ಲೈಟಿನ ಪೈಪಿನಿಂದ ಒಂದಡಿ ದೂರಕ್ಕೆ. ಎರಡೂ ದಾಟಲೇಬೇಕಾದ ಒಂದು ಕಡೆ ಅಡ್ಡಕ್ಕೆ, ಕೂಡಿಸುವ ಗುರುತಿನ ಹಾಗೆ ದಾಟಿಸಿದರು. ಕಟಿಂಗ್ ಮಿಷನ್ ಹಚ್ಚಿದ ದಿನ ಅತ್ತೆ ಪಾತ್ರೆಗಳ ಮೇಲೆಲ್ಲ ಹಳೆ ಸೀರೆ ಹೊದಿಸಿ ಹಿತ್ತಲಲ್ಲಿ ಕೂತಿದ್ದರು.

ವೈರು ಎಷ್ಟು ದಪ್ಪ ಇರಬೇಕು ಎಂಬುದಕ್ಕೆ ಅಂಗಡಿಯಲ್ಲಿ ಹೇಳುವ ಕತೆಗಳು ಬಹಳ. ಲೆಕ್ಕ ಸರಳವಾದದ್ದು. ಸ್ಪೀಕರಿನ ರೋಧ 8 ಓಮ್ ಎಂದಿಟ್ಟುಕೊಂಡರೆ ವೈರಿನ ರೋಧ ಅದರ ನೂರಕ್ಕೆ ಐದು ಪಾಲನ್ನು, ಅಂದರೆ 0.4 ಓಮನ್ನು, ಮೀರದಿದ್ದರೆ ಒಳ್ಳೆಯದು. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 13 ಓಮ್. ನಮ್ಮ ಹಾಲಿನಿಂದ ಅಡುಗೆಮನೆಗೆ ಪೈಪಿನ ದಾರಿ 12 ಮೀಟರ್. ಹೋಗಿ ಬರುವುದು ಸೇರಿ 24. ರೋಧ 0.3 ಓಮ್. ಸಾಕು. ಮಹಡಿಗಾದರೆ ದಾರಿ 20 ಮೀಟರ್ ಆಗುತ್ತದೆ, ಹೋಗಿಬರುವುದು 40, ರೋಧ ಅರ್ಧ ಓಮ್ ದಾಟುತ್ತದೆ. ಅಲ್ಲಿಗೆ ಎರಡೂವರೆ ಸ್ಕ್ವೇರ್ ಎಂಎಂ ಬೇಕು. ಚಿನ್ನದ ಲೇಪ, ಆಮ್ಲಜನಕವಿಲ್ಲದ ತಾಮ್ರ ಎಂದೆಲ್ಲ ಹೇಳಿ ಮೀಟರಿಗೆ ನೂರಾರು ರೂಪಾಯಿ ಕೇಳುವ ವೈರು ಅಡುಗೆಮನೆಯ ರೇಡಿಯೊಗೆ ಬೇಡ. ಆ ದುಡ್ಡು ಸ್ಪೀಕರಿಗೆ ಹಾಕುವುದು ಲೇಸು.

ಊರ ಜಾತ್ರೆಯಲ್ಲಿ, ಮದುವೆ ಚಪ್ಪರದಲ್ಲಿ ಆಹುಜಾ ಆಂಪ್ಲಿಫೈಯರ್ ಇಟ್ಟುಕೊಂಡವರು ಇದಕ್ಕಿಂತ ತೆಳುವಾದ ವೈರನ್ನು ಮರದಿಂದ ಮರಕ್ಕೆ ಫರ್ಲಾಂಗುಗಟ್ಟಲೆ ಎಳೆಯುತ್ತಾರಲ್ಲ, ಅದು ಹೇಗೆ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅವರದು 100 ವೋಲ್ಟ್ ಲೈನ್. ಆಂಪ್ಲಿಫೈಯರಿನಲ್ಲಿ ವೋಲ್ಟೇಜು ಏರಿಸಿ ಕಳಿಸುತ್ತಾರೆ, ಒಂದೊಂದು ಹಾರ್ನಿನ ಹತ್ತಿರವೂ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟು ಮತ್ತೆ ಇಳಿಸುತ್ತಾರೆ. ವೋಲ್ಟೇಜು ಹೆಚ್ಚಿದಾಗ ಅದೇ ಶಕ್ತಿಗೆ ಕರೆಂಟು ಕಡಿಮೆ, ಆದ್ದರಿಂದ ವೈರಿನಲ್ಲಿ ನಷ್ಟವೂ ಕಡಿಮೆ. ಕೈಗಾ, ಶರಾವತಿಯಿಂದ ದೊಡ್ಡ ಗೋಪುರಗಳ ಮೇಲೆ ವಿದ್ಯುತ್ತು ಬರುವುದೂ ಇದೇ ತತ್ತ್ವದಲ್ಲಿ. ನಮ್ಮ ರಿಸೀವರು ಹಾಗಲ್ಲ. ಅದು ನೇರವಾಗಿ ಸ್ಪೀಕರನ್ನು ಓಡಿಸುತ್ತದೆ. ಅದಕ್ಕೇ ದೂರ ಹೆಚ್ಚಿದಷ್ಟೂ ದಪ್ಪ ವೈರು ಬೇಕು.

ವೈರಿನ ಕೂಡಿಸುವ ತುದಿ ಯಾವುದು, ಕಳೆಯುವ ತುದಿ ಯಾವುದು ಎಂಬುದನ್ನು ತಪ್ಪದೆ ನೋಡಬೇಕು. ಹಾಲಿನ ತುದಿಯಲ್ಲಿ ನಾನು ಒಂದೂವರೆ ವೋಲ್ಟಿನ ಸೆಲ್ಲನ್ನು ವೈರಿಗೆ ಕ್ಷಣ ಮುಟ್ಟಿಸಿದೆ, ಮಗಳು ಅಡುಗೆಮನೆಯಲ್ಲಿ ಸ್ಪೀಕರಿನ ಜಾಲರಿ ತೆಗೆದು ಕೋನನ್ನು ನೋಡುತ್ತಿದ್ದಳು. “ಮುಂದಕ್ಕೆ ಬಂತು!” ಎಂದು ಕೂಗಿದಳು. ಇನ್ನೊಂದಕ್ಕೂ ಹಾಗೆಯೇ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಎರಡರ ಮಂದ್ರವೂ ಒಂದನ್ನೊಂದು ಕೊಂದುಕೊಳ್ಳುತ್ತದೆ. ಮೃದಂಗದ ಎಡಗಡೆಯೇ ಕಾಣೆಯಾದ ಹಾಗೆ ಕೇಳಿಸುತ್ತದೆ.

ಅಡುಗೆಮನೆಯಲ್ಲಿ ಸ್ಪೀಕರ್ ಎಲ್ಲಿಡಬೇಕು ಎಂಬುದನ್ನು ಧ್ವನಿಗಿಂತ ಹೆಚ್ಚಾಗಿ ಒಲೆ ತೀರ್ಮಾನಿಸುತ್ತದೆ. ಒಲೆಯ ಮೇಲೂ ಬೇಡ, ಹಬೆ ಏರುವ ಕಡೆಯೂ ಬೇಡ. ಎಣ್ಣೆಯ ಜಿಡ್ಡು ಗಾಳಿಯಲ್ಲಿ ಹೋಗಿ ಜಾಲರಿಗೆ ಕೂರುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಕಾಗದದ ಕೋನು ಹಬೆಗೆ ಬೇಗ ಸೋಲುತ್ತದೆ, ಪ್ಲಾಸ್ಟಿಕ್ಕಿನದು ತಾಳುತ್ತದೆ. ಎದುರುಗೋಡೆಯ ಲಾಫ್ಟಿನ ಕೆಳಗೆ ಎರಡು ಸಣ್ಣ ಸ್ಪೀಕರ್ ಬ್ರಾಕೆಟ್ಟಿಗೆ ಹಾಕಿ, ತರಕಾರಿ ಹೆಚ್ಚುವ ಕಟ್ಟೆಯ ಕಡೆಗೆ ಬಾಗಿಸಿದೆವು. ಜೋನ್ 2ನ್ನು ಸ್ಟೀರಿಯೊ ಬಿಟ್ಟು ಮೋನೋಗೆ ಹಾಕಿದೆ. ಈ ಸೌಕರ್ಯ ಬಹಳ ರಿಸೀವರ್‌ಗಳ ಮೆನುವಿನಲ್ಲಿರುತ್ತದೆ. ಹಾಲಿನಲ್ಲಿ ಒಂದೇ ಕಡೆ ಕೂತವರಿಗೆ ಎಡ ಬಲದ ಚಂದ ಸರಿ. ಅಡುಗೆಮನೆಯಲ್ಲಿ ಸಿಂಕಿನಿಂದ ಒಲೆಗೆ, ಒಲೆಯಿಂದ ಫ್ರಿಜ್ಜಿಗೆ ಓಡಾಡುವವರಿಗೆ ಹಾಡುಗಾರ ಒಂದು ಮೂಲೆಯಲ್ಲಿ, ಪಿಟೀಲು ಇನ್ನೊಂದು ಮೂಲೆಯಲ್ಲಿ ಇದ್ದರೆ ಅರ್ಧ ಕಛೇರಿಯಷ್ಟೇ ದಕ್ಕುತ್ತದೆ. ರಿಸೀವರಿನ ಜೊತೆ ಬಂದ ಮೈಕಿಟ್ಟು ಹಾಲಿನ ಧ್ವನಿಯನ್ನು ಹದಮಾಡುವ ವ್ಯವಸ್ಥೆ ಜೋನ್ 2ಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ನಿಂತು ಕೇಳಿ ಬೇಸ್, ಟ್ರೆಬಲ್ ಕೈಯಾರೆ ತಿರುಗಿಸಬೇಕು. ನಾನು ಬೇಸ್ ಸ್ವಲ್ಪ ಇಳಿಸಿದೆ. ಗ್ರಾನೈಟು, ಟೈಲ್ಸು, ಸ್ಟೀಲು ತುಂಬಿದ ಕೋಣೆಯಲ್ಲಿ ಮಾತು ಸ್ಪಷ್ಟವಾಗಿ ಕೇಳುವುದು ಮುಖ್ಯ.

ಇಷ್ಟೆಲ್ಲ ಆದಮೇಲೆ ರೇಡಿಯೊ ಹಚ್ಚಿದೆವು. ಮೈಸೂರು ಆಕಾಶವಾಣಿ, 100.6. ಪೆಟ್ಟಿಗೆಯ ಜೊತೆ ಬರುವ ತಂತಿಯ ಆಂಟೆನಾವನ್ನು ಸುತ್ತಿ ಮೂಲೆಗೆ ತುರುಕದೆ ಕಿಟಕಿಯ ಪಕ್ಕ ಪೂರ್ತಿ ಬಿಡಿಸಿ ಹಾಕಬೇಕು. ಆ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಅರ್ಧದಷ್ಟು ತಂತಿ ನೆಟ್ಟಗೆ ಚಾಚಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ ರೇಡಿಯೊ ಸ್ವಚ್ಛವಾಗಿ ಬಂತು. ಧಾರಾವಾಹಿಗೆ ಬದಲಾಯಿಸಿದರೆ ಹಾಲಿನಲ್ಲಿ ಧ್ವನಿ ಇದೆ, ಅಡುಗೆಮನೆಯಲ್ಲಿ ಇಲ್ಲ.

ರಿಸೀವರ್ ಕೊಂಡ ಎಷ್ಟೋ ಮನೆಗಳಲ್ಲಿ ಜೋನ್ 2ರ ಆಸೆ ಇಲ್ಲಿಗೇ ನಿಂತುಹೋಗುತ್ತದೆ. ಸ್ಪೀಕರ್ ಕೆಟ್ಟಿದೆ, ವೈರು ತುಂಡಾಗಿದೆ ಎಂದುಕೊಳ್ಳುತ್ತಾರೆ. ಏನೂ ಕೆಟ್ಟಿರುವುದಿಲ್ಲ. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ಲಿನಲ್ಲಿ ಬರುವ ಧ್ವನಿ ಡಿಜಿಟಲ್. ಅನೇಕ ರಿಸೀವರ್‌ಗಳು, ಮುಖ್ಯವಾಗಿ ಸ್ವಲ್ಪ ಹಳೆಯವು, ಡಿಜಿಟಲ್ ಧ್ವನಿಯನ್ನು ಮುಖ್ಯ ಜೋನಿಗೆ ಮಾತ್ರ ಕೊಡುತ್ತವೆ. ಜೋನ್ 2ಕ್ಕೆ ಅನಲಾಗ್ ಧ್ವನಿಯೇ ಬೇಕು. ರೇಡಿಯೊ ಟ್ಯೂನರ್ ಪೆಟ್ಟಿಗೆಯೊಳಗೇ ಇದ್ದು ಅನಲಾಗ್ ಆದ್ದರಿಂದ ಅದು ಬಂತು. ಪರಿಹಾರ ಹಳೆಯ ಕಾಲದ ಕೆಂಪು-ಬಿಳಿ ಕೇಬಲ್. ಸೆಟ್‌ಟಾಪ್ ಬಾಕ್ಸಿನ ಎವಿ ತೂತಿನಿಂದ ಅದೊಂದನ್ನೂ ರಿಸೀವರಿಗೆ ಹಾಕಿ, ಅದೇ ಹೆಸರಿನ ಇನ್‌ಪುಟ್ಟಿಗೆ ಜೋಡಿಸಿದರೆ ಹಾಲು ಎಚ್‌ಡಿಎಂಐಯನ್ನು ತೆಗೆದುಕೊಳ್ಳುತ್ತದೆ, ಅಡುಗೆಮನೆ ಕೆಂಪು-ಬಿಳಿಯನ್ನು. ಕೊಳ್ಳುವ ಮುಂಚೆಯೇ ಕೈಪಿಡಿಯಲ್ಲಿ ಜೋನ್ 2ಕ್ಕೆ ಯಾವ ಯಾವ ಧ್ವನಿ ಹೋಗುತ್ತದೆ ಎಂಬ ಪುಟ ಓದಿಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸೆಟ್‌ಟಾಪ್ ಬಾಕ್ಸಿನ ಬೆನ್ನನ್ನೂ ನೋಡಿಕೊಳ್ಳಿ. ಆ ತೂತು ಇಲ್ಲದ ಬಾಕ್ಸುಗಳೂ ಇವೆ.

ಇನ್ನೊಂದು ಸಣ್ಣ ಕಾಟ ಉಳಿದಿತ್ತು. ಎರಡು ಕೋಣೆಯಲ್ಲೂ ಒಂದೇ ಮಾತು ಕೇಳುತ್ತಿರುವಾಗ ನಡುಬಾಗಿಲಲ್ಲಿ ನಿಂತರೆ ಮಾತಿಗೊಂದು ಬಾಲ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಲಿನಿಂದ ಅಡುಗೆಮನೆಯ 7 ಮೀಟರಿಗೆ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟು ಅಂತರವನ್ನು ಕಿವಿ ತಾನೇ ಕೂಡಿಸಿಕೊಳ್ಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ್ದರು. ಆದರೆ ಹಾಲಿನ ಧ್ವನಿಯನ್ನು ರಿಸೀವರು ಸಂಸ್ಕರಿಸುವುದಕ್ಕೆ ತೆಗೆದುಕೊಳ್ಳುವ ಹೊತ್ತೂ ಸೇರಿದರೆ ಅಂತರ ಮೇಲೇರಿ ಪ್ರತಿಧ್ವನಿಯಾಗುತ್ತದೆ. ಹಾಲನ್ನು ಡೈರೆಕ್ಟ್ ಮೋಡಿಗೆ ಹಾಕಿದಾಗ ಬಾಲ ತುಂಡಾಯಿತು. ಬ್ಲೂಟೂತ್ ಸ್ಪೀಕರ್ ಒಂದನ್ನು ಅಡುಗೆಮನೆಯಲ್ಲಿಟ್ಟರೆ ಮುಗಿಯುತ್ತಿತ್ತಲ್ಲ ಎನ್ನುವವರಿಗೆ ಇದೇ ನನ್ನ ಉತ್ತರ. ಬ್ಲೂಟೂತ್ ಸುಲಭವಾಗಿ 100, 200 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ವೈಫೈ ಸ್ಪೀಕರ್‌ಗಳು ತಮ್ಮತಮ್ಮಲ್ಲಿ ಗಡಿಯಾರ ಹೊಂದಿಸಿಕೊಂಡು ಚೆನ್ನಾಗಿಯೇ ಹಾಡುತ್ತವೆ, ಗೋಡೆ ಒಡೆಯುವ ಕಷ್ಟವಿಲ್ಲ, ಬಾಡಿಗೆ ಮನೆಯವರಿಗೆ ಅವೇ ಸರಿ. ಆದರೆ ಅವುಗಳ ವಾಲ್ಯೂಮ್ ಮುಖ್ಯವಾಗಿ ಮೊಬೈಲಿನಲ್ಲಿರುತ್ತದೆ. ಮೊಬೈಲು ಯಾರ ಕೈಯಲ್ಲಿದೆಯೋ ಅಧಿಕಾರ ಅವರದಾಗುತ್ತದೆ.

ನಾನು ಗೋಡೆಗೆ ಒಂದು ಗುಂಡಿ ಬೇಕೆಂದು ಹಟ ಹಿಡಿದದ್ದು ಆ ಕಾರಣಕ್ಕೆ. ಲೈಟಿನ ಸ್ವಿಚ್‌ಬೋರ್ಡಿನಷ್ಟೇ ದೊಡ್ಡದು. ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರು, ಹೊರಗೆ ತಿರುಗಿಸುವ ಗುಂಡಿ, ಹತ್ತು ಹನ್ನೆರಡು ಮೆಟ್ಟಿಲು, ಕೊನೆಗೆ ಪೂರ್ತಿ ಬಂದ್. ಹಿಟ್ಟಿನ ಕೈಯ ಹಿಂಬದಿಯಿಂದಲೂ ತಿರುಗಿಸಬಹುದು. ರಿಸೀವರಿನ ಮೆನುವಿನಲ್ಲಿ ಜೋನ್ 2 ಹಚ್ಚಿದಾಗ ಯಾವ ಮಟ್ಟದಲ್ಲಿ ಶುರುವಾಗಬೇಕು, ಎಲ್ಲಿಯವರೆಗೆ ಏರಬಹುದು ಎಂದು ಕಟ್ಟಿಟ್ಟಿದ್ದೇನೆ. ಅದರೊಳಗೆ ಅತ್ತೆಯದೇ ರಾಜ್ಯ. ಅವರಿಗೆ ಮೊದಲ ಎರಡು ದಿನ ಅದನ್ನು ಮುಟ್ಟಲು ಸಂಕೋಚ. “ಹಾಲಿನಲ್ಲಿ ಇವರಿಗೆ ಕಡಿಮೆ ಆಗಲ್ವೇನಮ್ಮಾ?” ಎಂದು ಕೇಳಿದರು. ಆಗಲ್ಲ ಅತ್ತೆ, ಇದು ನಿಮ್ಮ ಕೋಣೆಗೆ ಮಾತ್ರ ಎಂದೆ. ಕೇಳಿ ಸ್ವಲ್ಪ ಹೊತ್ತು ನಿಂತಿದ್ದು, ಒಂದು ಮೆಟ್ಟಿಲು ಏರಿಸಿದರು. ಮನೆಯಲ್ಲಿ ಟಿವಿಯ ರಿಮೋಟು ಅವರ ಕೈಗೆ ಬಂದದ್ದನ್ನು ನಾನು ಹೆಚ್ಚು ಕಂಡಿಲ್ಲ. ಬೇರೆಯವರು ಆರಿಸಿದ್ದನ್ನು, ಬೇರೆಯವರು ಇಟ್ಟಷ್ಟು ಧ್ವನಿಯಲ್ಲಿ, ಗೋಡೆಯಾಚೆಯಿಂದ ಕೇಳಿಸಿಕೊಂಡು ಬಂದವರು. ಈ ಗುಂಡಿಗೆ ಕೊಟ್ಟ ದುಡ್ಡು ರಿಸೀವರಿಗೆ ಕೊಟ್ಟದ್ದಕ್ಕಿಂತ ಸಾರ್ಥಕ ಎಂದು ನಾನು ಮನಸಾರೆ ನಂಬುತ್ತೇನೆ.

ಈಗ ಸಂಜೆ ಹಾಲಿನಲ್ಲಿ ಟಿವಿಯ ಧ್ವನಿ ಮುಂಚಿನ ಅರ್ಧವೂ ಇಲ್ಲ. ಮಗಳು ಬಾಗಿಲು ತೆರೆದಿಟ್ಟೇ ಓದುತ್ತಾಳೆ. ಮಾವ ಮಾತ್ರ ಸಂಜೆ ಮಹಡಿಗೆ ಹೋಗುವ ಅಭ್ಯಾಸ ಬಿಟ್ಟಿಲ್ಲ, ಬಿಡಬೇಕಾದ್ದೂ ಇಲ್ಲ. ಅವರಿಗೆ ಬೆಳಗಿನ ಹೊತ್ತು ರೇಡಿಯೊದಲ್ಲಿ ಬರುವ ಸಂಗೀತ ಮೇಲೆಯೇ ಕೇಳಿಸಿದರೆ ಚೆನ್ನ ಅನ್ನಿಸಿದೆ. ನಮ್ಮ ಪೆಟ್ಟಿಗೆಯಲ್ಲಿ ಮೂರನೇ ಜೋನ್ ಇಲ್ಲ. ಜೋನ್ 2ರ ವೈರನ್ನೇ ಕವಲೊಡೆಸಿ ಮೇಲಕ್ಕೆ ಒಯ್ಯಬೇಕು. ಒಂದೇ ಟ್ಯಾಂಕಿಗೆ ಎರಡು ನಲ್ಲಿ ಬಿಟ್ಟಂತೆ, 8 ಓಮಿನ ಎರಡು ಸ್ಪೀಕರ್ ಪಕ್ಕಪಕ್ಕ ಸೇರಿದರೆ ರಿಸೀವರಿಗೆ ಕಾಣುವುದು 4 ಓಮ್, ಅದು ಎಳೆಯುವ ಕರೆಂಟು ಇಮ್ಮಡಿ. 6 ಓಮಿಗಿಂತ ಕೆಳಗೆ ಬೇಡ ಎಂದು ಎಷ್ಟೋ ಪೆಟ್ಟಿಗೆಗಳ ಬೆನ್ನ ಮೇಲೆ ಬರೆದೇ ಇರುತ್ತದೆ. ಮೀರಿದರೆ ಬಿಸಿಯಾಗಿ ತಾನೇ ಆರಿಹೋಗುತ್ತದೆ. ಗೋಡೆಯ ಗುಂಡಿಯೊಳಗೆ ಇದಕ್ಕೆಂದೇ ಒಂದು ಪುಟ್ಟ ಜಂಪರ್ ಇದೆ. ಕೆಳಗಿನದನ್ನೂ ಮೇಲಿನದನ್ನೂ ಎರಡರ ಗುರುತಿಗೆ ಹಾಕಿದರೆ ರಿಸೀವರಿಗೆ ಮತ್ತೆ 8 ಓಮ್ ಕಾಣುತ್ತದೆ.

ಇದನ್ನೆಲ್ಲ ಹೇಳಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ. “ಸಂಜೆ ಅವಳ ಧಾರಾವಾಹಿ ಬಂದಾಗ ನನ್ನದು ಪೂರ್ತಿ ನಿಲ್ಲುತ್ತೇನಮ್ಮಾ?”

“ಪೂರ್ತಿ ನಿಲ್ಲುತ್ತೆ ಮಾವ.”

“ಹಾಗಾದರೆ ಹಾಕಿಸು.”

ಎರಡೂವರೆ ಸ್ಕ್ವೇರ್ ಎಂಎಂ ವೈರು ತಂದಿಟ್ಟಿದ್ದೇನೆ. ಗುಂಡಿ ಬಾಗಿಲ ಪಕ್ಕ ಬೇಡ, ಮಂಚದ ಎಡಕ್ಕೆ, ಮಲಗಿದಲ್ಲಿಂದಲೇ ಕೈಗೆ ಸಿಗುವ ಎತ್ತರದಲ್ಲಿ ಎಂದು ಎಲೆಕ್ಟ್ರಿಷಿಯನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಾಗಿದೆ.